ಹನ್ನೆರಡನೆಯ ಹಸಿರು

ಅಲ್ಲಿ ಹಸಿರು ಇರಬಾರದಿತ್ತು.

ಪಾಚಿಯಕ್ಕ ಹಣೆಗೆ ಕಟ್ಟಿಕೊಂಡಿದ್ದ ಟಾರ್ಚನ್ನು ಬಾಗಿಸಿ ಇನ್ನೊಮ್ಮೆ ನೋಡಿದಳು. ಕಲ್ಲಿನ ಕಂಬದ ಹಿಂದೆ, ಸೊಂಟದೆತ್ತರದಲ್ಲಿ, ಅಂಗೈಯಗಲದ ಪಾಚಿ. ಬೆರಳಿನಿಂದ ಒತ್ತಿದಳು. ಮೆತ್ತಗಿತ್ತು. ಅಂದರೆ ಹಳೆಯ ಕಲೆಯಲ್ಲ, ಈಗಲೂ ಬೆಳೆಯುತ್ತಿರುವ ಪಾಚಿ.

ಕತ್ತಲ ಗುಹೆಯಲ್ಲಿ ಪಾಚಿ ತಾನಾಗಿ ಹುಟ್ಟುವುದಿಲ್ಲ, ಅದಕ್ಕೆ ಬೆಳಕು ಬೇಕು. ಯಾತ್ರಿಕರಿಗಾಗಿ ಇಲ್ಲಿ ಹಾಕಿಸಿದ ವಿದ್ಯುತ್ ದೀಪಗಳು ಹನ್ನೊಂದು. ಅವುಗಳ ಸುತ್ತ ಕಲ್ಲಿನ ಮೇಲೆ ಹುಟ್ಟುವ ಹಸಿರು ಕಲೆಗಳೂ ಹನ್ನೊಂದು. ಹತ್ತೊಂಬತ್ತು ವರ್ಷದಿಂದ ಬ್ರಷ್ಷು, ಬಕೆಟ್ಟು ಹಿಡಿದು ಆ ಹನ್ನೊಂದನ್ನೂ ಉಜ್ಜುವುದೇ ಅವಳ ಕೆಲಸ. ಜನರಿಗೆಲ್ಲ ದೇವರು ಕಾಣುವ ಗೋಡೆಯಲ್ಲಿ ಅವಳಿಗೆ ಪಾಚಿ ಮಾತ್ರ ಕಾಣುತ್ತಿತ್ತು. ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲೇ ಉಳಿದು, ಊರ ಬಾಯಲ್ಲಿ ಅವಳು ಪಾಚಿಯಕ್ಕನಾಗಿದ್ದು ಹಾಗೆ.

ಇದು ಹನ್ನೆರಡನೆಯದು. ಹತ್ತಿರದ ದೀಪ ಇಲ್ಲಿಂದ ಮೂವತ್ತು ಹೆಜ್ಜೆ ದೂರ, ನಡುವೆ ಮನೆಯಷ್ಟು ದೊಡ್ಡ ಬಂಡೆ ಅಡ್ಡ.

"ಇದ್ಯಾರಪ್ಪ ನನಗೆ ಗೊತ್ತಿಲ್ಲದೆ ಇಲ್ಲಿ ಬೆಳಕು ಹಾಕಿದ್ದು?" ಎಂದಳು ಗಟ್ಟಿಯಾಗಿ. ಯಾರೂ ಇರಲಿಲ್ಲ. ಮೇಲಿಂದ ನೀರು ತೊಟ್ಟಿಕ್ಕುತ್ತಿತ್ತು.

ಬೇರೆ ದಿನವಾಗಿದ್ದರೆ ಎರಡು ಬೈಗುಳ ಬೈದು ಉಜ್ಜಿ ಬರುತ್ತಿದ್ದಳು. ಇವತ್ತು ಅಂಥ ದಿನವಲ್ಲ. ಮೂರು ದಿನದ ಹಿಂದೆ ಗುಹೆಯ ಕೆಳಗಿನ ಕೊಳದ ಪಕ್ಕ ಇತಿಹಾಸದ ಮೇಷ್ಟ್ರ ಕೋಟು ರಕ್ತ ಮೆತ್ತಿಕೊಂಡು ಬಿದ್ದಿತ್ತು, ಮೇಷ್ಟ್ರು ಇರಲಿಲ್ಲ. ಅವರನ್ನು ಕೊನೆಯದಾಗಿ ಒಳಗೆ ಕರೆದುಕೊಂಡು ಹೋದವನು ಯಾತ್ರಿಕರಿಗೆ ದಾರಿ ತೋರಿಸುವ ಲಾಂದ್ರಣ್ಣ. ಪಾಚಿಯಕ್ಕನ ಒಡಹುಟ್ಟಿದ ತಮ್ಮ.

ಅವನು ಈಗ ಠಾಣೆಯ ಕಂಬಿಯ ಹಿಂದೆ ಕೂತಿದ್ದ. ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಇವತ್ತು ಸಂಜೆ ನಾಲ್ಕಕ್ಕೆ ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾರೆ, ಅಲ್ಲಿಂದ ನೇರ ದೊಡ್ಡ ಜೈಲು. ಕೊಲೆ ಕೇಸಿನಲ್ಲಿ ಒಮ್ಮೆ ಆ ಬಾಗಿಲು ದಾಟಿದವನು ಯಾವ ಕಾಲಕ್ಕೆ ಹೊರಗೆ ಬರುತ್ತಾನೋ ಯಾರಿಗೆ ಗೊತ್ತು!

ಇನ್ಸ್‌ಪೆಕ್ಟರಮ್ಮ ಅವಳಿಗೆ ಒಂದು ಗಂಟೆ ಕೊಟ್ಟಿದ್ದರು. "ಈ ಗುಹೆ ನಮಗಿಂತ ನಿಮಗೆ ಗೊತ್ತು. ನಮ್ಮವರ ಕಣ್ಣಿಗೆ ಬೀಳದ್ದು ನಿಮಗೆ ಕಾಣಿಸಿದ್ರೆ ಬಂದು ಹೇಳಿ. ಇಲ್ಲಾಂದ್ರೆ ನನ್ನ ಕೈಲೂ ಏನೂ ಇಲ್ಲಮ್ಮ" ಎಂದಿದ್ದರು. ಅವರು ಮಾತ್ರ ಒಳಗೆ ಬಂದಿರಲಿಲ್ಲ. ಇಕ್ಕಟ್ಟಾದ ಜಾಗವೆಂದರೆ ಆಯಮ್ಮನಿಗೆ ಕೈಕಾಲು ನಡುಗುತ್ತಿತ್ತು. ಕಳ್ಳರನ್ನು ಕಂಡರೆ ನಡುಗದ ಹೆಂಗಸು, ಪಾಪ.

ಪಾಚಿಯಕ್ಕ ಕಂಬದ ಸಂದಿಗೆ ಇನ್ನಷ್ಟು ನುಸುಳಿದಳು. ಪಾಚಿಯ ನಡುವೆ ಕಲ್ಲಿನಲ್ಲಿ ಒಂದು ಬಿರುಕು, ಮೂರು ಬೆರಳು ಅಗಲ. ಆಗ ಅವಳಿಗೆ ತಾನು ಎಲ್ಲಿ ನಿಂತಿದ್ದೇನೆಂದು ಹೊಳೆಯಿತು.

ಇದು ಅಜ್ಜಿಯ ಕೋಣೆಯ ಬೆನ್ನು.

ಯಾತ್ರಿಕರು ಕೊನೆಯ ನೂರು ಹೆಜ್ಜೆ ಮೊಣಕಾಲಲ್ಲಿ ಬರುವುದು ಆ ಕೋಣೆಗಾಗಿಯೇ. ಎಷ್ಟೋ ನೂರು ವರ್ಷದ ಹಿಂದೆ ಒಬ್ಬ ತಪಸ್ವಿನಿ ಅದರೊಳಗೆ ಹೋಗಿ, ಕಲ್ಲಿನೊಂದಿಗೆ ಕಲ್ಲಾಗಿ ಲೀನವಾದಳೆಂದು ನಂಬಿಕೆ. ಕೆಲವರು ಅವಳನ್ನು ತಾಯಿ ಎನ್ನುತ್ತಾರೆ, ಕೆಲವರು ಸಂತಳೆನ್ನುತ್ತಾರೆ. ಎರಡೂ ಕಡೆಯವರು ಒಪ್ಪುವ ಹೆಸರು ಅಜ್ಜಿ. ಐವತ್ತು ವರ್ಷದ ಹಿಂದೆ ಒಳಗೆ ಪ್ರಾರ್ಥನೆಗೆ ಕೂತ ಇಬ್ಬರು ಕೂತಲ್ಲೇ ಸತ್ತುಹೋದರು. ಒಳಗೆ ಗಾಳಿ ಕೆಟ್ಟಿದೆಯೆಂದು ಆಡಳಿತದವರು ಬಾಗಿಲಿಗೆ ಇಟ್ಟಿಗೆ ಕಟ್ಟಿ ಮುಚ್ಚಿದರು. ಅಜ್ಜಿ ತನಗೆ ಬೇಕಾದವರನ್ನು ಇಟ್ಟುಕೊಂಡಳು ಎಂದು ಭಕ್ತರು ಹೇಳಿಕೊಂಡರು. ಅಲ್ಲಿಂದೀಚೆಗೆ ಜನ ಆ ಇಟ್ಟಿಗೆ ಗೋಡೆಗೇ ಹಣೆ ಹಚ್ಚಿ ಹಣೆ ಹಚ್ಚಿ ಅದು ಕನ್ನಡಿಯಂತೆ ನುಣುಪಾಗಿತ್ತು.

ಐವತ್ತು ವರ್ಷದಿಂದ ಯಾರೂ ಕಾಲಿಡದ ಕೋಣೆಯ ಬಿರುಕಿನಲ್ಲಿ ಹಸಿರು!

ಪಾಚಿಯಕ್ಕ ಹಣೆಯ ಟಾರ್ಚು ಆರಿಸಿದಳು.

ಮೊದಲು ಏನೂ ಕಾಣಲಿಲ್ಲ. ಕಣ್ಣು ಕತ್ತಲಿಗೆ ಒಗ್ಗಿದ ಮೇಲೆ, ಬಿರುಕಿನಿಂದ ದಾರದಷ್ಟು ಸಣ್ಣ ಬೆಳಕು ಹೊರಗೆ ಬರುತ್ತಿರುವುದು ಕಂಡಿತು. ಕಿವಿ ಹಚ್ಚಿದಳು. ಒಳಗೆ ಎಲ್ಲೋ ಗುಂಯ್ ಎಂದು ಒಂದೇ ಸಮನೆ ಸದ್ದು. ಕೈಯಲ್ಲಿದ್ದ ಒರೆಸುವ ಬಟ್ಟೆಯ ತುದಿ ಬಿರುಕಿನ ಕಡೆಗೆ ತಾನಾಗಿಯೇ ಎಳೆದುಕೊಂಡಿತು. ಗುಹೆ ಉಸಿರಾಡುವುದು ಹೊಸದೇನಲ್ಲ ಎಂದುಕೊಂಡು ಬಟ್ಟೆ ಕಿತ್ತುಕೊಂಡಳು. ಅವಳ ತಲೆಯಲ್ಲಿದ್ದದ್ದು ಆ ಸದ್ದು. ಯಂತ್ರದ ಸದ್ದು.

ಕಲ್ಲು ಕೆತ್ತುವ ಯಂತ್ರ!

ಎಲ್ಲವೂ ಒಟ್ಟಿಗೆ ಹೊಳೆದುಬಿಟ್ಟಿತು. ಬರುವ ಯಾತ್ರೆಗೆ ಅಜ್ಜಿಯ ಕೋಣೆ ತೆರೆಸುತ್ತೇನೆ, ಒಳಗೆ ಅಜ್ಜಿಯೇ ಗೋಡೆಯ ಮೇಲೆ ಬರೆದ ಮಾತುಗಳಿವೆ ಎಂದು ಗುಹೆಯ ಮ್ಯಾನೇಜರು ಆರು ತಿಂಗಳಿಂದ ಸಾರಿಕೊಂಡು ತಿರುಗುತ್ತಿದ್ದರು. ಅಜ್ಜಿಯ ಹೆಸರಲ್ಲಿ ಯಾರೋ ಕಥೆ ಕಟ್ಟುತ್ತಿದ್ದಾರೆ ಎಂದು ಮೇಷ್ಟ್ರು ತಕರಾರು ಎತ್ತಿದ್ದರು. ಈಗ ಮೇಷ್ಟ್ರೇ ಇಲ್ಲ. ಒಳಗೆ ದೀಪ ಹಾಕಿಕೊಂಡು ಯಾರೋ ಆ ಮಾತುಗಳನ್ನು ಹೊಸದಾಗಿ ಕೆತ್ತುತ್ತಿದ್ದಾರೆ. ಮೇಷ್ಟ್ರು ಅದನ್ನು ಕಂಡುಹಿಡಿದಿರಬೇಕು, ಅದಕ್ಕೇ ಅವರ ಕಥೆ ಮುಗಿಸಿದ್ದಾರೆ.

ಬಿರುಕಿನಿಂದ ಹೊರಟ ಸಣ್ಣ ತಂತಿಯೊಂದು, ಮಣ್ಣು ಮೆತ್ತಿಸಿಕೊಂಡು, ಬಂಡೆ ಬಳಸಿ ಏಳನೆಯ ದೀಪದ ಪೆಟ್ಟಿಗೆಯ ಹಿಂದಕ್ಕೆ ಹೋಗಿತ್ತು. ಅಲ್ಲೊಂದು ಪ್ಲಗ್ಗು.

ಹಸಿರು ಕಂಡರೆ ಮೊದಲು ಬೆಳಕು ತೆಗೆ, ಆಮೇಲೆ ಬ್ರಷ್ಷು ಹಿಡಿ. ಕೆಲಸ ಕಲಿಸಿದ ಮುದುಕಪ್ಪ ಮೊದಲ ದಿನವೇ ಹೇಳಿಕೊಟ್ಟ ಪಾಠ. ಬೆಳಕಿದ್ದಷ್ಟು ಹೊತ್ತು ಎಷ್ಟು ಉಜ್ಜಿದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಹತ್ತೊಂಬತ್ತು ವರ್ಷ ಅವಳ ಕೈ ಇದನ್ನೇ ಮಾಡಿಕೊಂಡು ಬಂದಿತ್ತು. ಈಗಲೂ ಅವಳು ಯೋಚಿಸುವ ಮೊದಲೇ ಕೈ ಹೋಗಿ ಪ್ಲಗ್ಗನ್ನು ಕಿತ್ತಿತು.

ಬಿರುಕಿನ ಬಳಿ ವಾಪಸ್ ಬಂದು ನೋಡಿದಳು. ಬೆಳಕಿಲ್ಲ, ಸದ್ದೂ ಇಲ್ಲ.

"ಇರು, ಕೆತ್ತು ಈಗ ಕತ್ತಲಲ್ಲಿ!" ಎಂದಳು ಹಲ್ಲು ಕಚ್ಚಿ. ಚಾಕುವಿನಿಂದ ಪ್ಲಗ್ಗು ಕತ್ತರಿಸಿ ಚೀಲಕ್ಕೆ ಹಾಕಿದಳು. ಬಿಳಿ ಬಟ್ಟೆಗೆ ಒಂದಿಷ್ಟು ಪಾಚಿ ಒರೆಸಿಕೊಂಡಳು. ಕೈಗಡಿಯಾರದಲ್ಲಿ ಆಗ ಹತ್ತೂ ಕಾಲು.

ಗುಹೆಯ ಬಾಯಿಗೆ ಓಡಿ ಬರುವಾಗ ಅವಳಿಗೆ ಮೂರು ದಿನದಲ್ಲಿ ಮೊದಲ ಸಲ ಹಸಿವಾಯಿತು.

*

ಮ್ಯಾನೇಜರರ ಕಚೇರಿ ಗುಹೆಯ ಮೆಟ್ಟಿಲ ಪಕ್ಕದಲ್ಲೇ. ಬೀರುವಿಗೆ ಬೀಗ, ಮೇಜಿನ ಮೂರು ಖಾನೆಗೂ ಬೀಗ, ಗೋಡೆಯ ಕಾಣಿಕೆ ಡಬ್ಬಿಗೆ ಎರಡು ಬೀಗ. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. ಅವರು ಬರುತ್ತಿದ್ದಾರೆಂದು ಅವರಿಗಿಂತ ಮೊದಲು ಆ ಗೊಂಚಲು ಹೇಳುತ್ತಿತ್ತು. ಕೆಲಸದವರು ಹಿಂದಿನಿಂದ ಬೀಗದಯ್ಯ ಎಂದು ಕರೆಯುತ್ತಿದ್ದುದು ಅದಕ್ಕೇ.

ಇನ್ಸ್‌ಪೆಕ್ಟರಮ್ಮ ಕುರ್ಚಿ ಎಳೆದು ಕೂತರು. ಪಾಚಿಯಕ್ಕ ನಿಂತೇ ಇದ್ದಳು. ಮ್ಯಾನೇಜರು ಇಬ್ಬರನ್ನೂ ನೋಡಿ ನಕ್ಕರು.

"ಏನಮ್ಮ, ಗುಹೆ ಮುಚ್ಚಿ ಮೂರು ದಿನ ಆಯ್ತು. ಯಾತ್ರಿಕರು ಬಂದು ಬಂದು ವಾಪಸ್ ಹೋಗ್ತಿದ್ದಾರೆ. ನೀನು ನೋಡಿದ್ರೆ ಇನ್ನೂ ಪಾಚಿ ಉಜ್ತಾನೇ ಇದ್ದೀಯ?"

"ಉಜ್ಜಿದ್ದಕ್ಕೇ ಸಿಕ್ತು ಸಾರ್." ಪಾಚಿಯಕ್ಕ ಬಿಳಿ ಬಟ್ಟೆ ಮೇಜಿನ ಮೇಲೆ ಬಿಡಿಸಿದಳು. "ಇದು ಅಜ್ಜಿ ಕೋಣೆ ಹಿಂದಿನ ಬಿರುಕಿಂದು."

ಮ್ಯಾನೇಜರು ಹಸಿರು ಕಲೆಯನ್ನು ನೋಡಿದರು, ಅವಳನ್ನು ನೋಡಿದರು. "ಪಾಚಿ ತಾನೆ? ಗುಹೆಯಲ್ಲಿ ಪಾಚಿ ಬೆಳೀದೆ ಗುಲಾಬಿ ಬೆಳೆಯುತ್ತಾ?"

"ಬೆಳಕಿಲ್ದೆ ಎರಡೂ ಬೆಳೆಯಲ್ಲ ಸಾರ್. ಒಳಗೆ ದೀಪ ಉರೀತಿದೆ. ಈ ದಪ್ಪಕ್ಕೆ ಬೆಳೀಬೇಕಾದ್ರೆ ನಾಲ್ಕೈದು ತಿಂಗಳು ಬೇಕು. ಐದು ತಿಂಗಳಿಂದ ನಿಮ್ಮ ಮುಚ್ಚಿದ ಕೋಣೆ ಒಳಗೆ ಯಾರೋ ಬೆಳಕು ಹಾಕ್ಕೊಂಡು ಕೂತಿದ್ದಾರೆ."

ಗೊಂಚಲಿನ ಸದ್ದು ನಿಂತಿತು. ಅಲ್ಲಿಯವರೆಗೂ ಅವರು ಅದನ್ನು ಬೆರಳಲ್ಲಿ ಆಡಿಸುತ್ತಿದ್ದರು.

"ಯಾರು?" ಎಂದರು.

"ಅದನ್ನ ನಾವು ನಿಮ್ಮನ್ನ ಕೇಳೋಕೆ ಬಂದಿದ್ದು" ಎಂದರು ಇನ್ಸ್‌ಪೆಕ್ಟರಮ್ಮ.

"ನನ್ನನ್ನ?" ಮ್ಯಾನೇಜರು ಎದ್ದು ನಿಂತರು. "ಮೇಡಂ, ಆ ಗೋಡೆಯ ಒಂದು ಇಟ್ಟಿಗೆಯನ್ನೂ ನಾನು ಮುಟ್ಟಿಲ್ಲ. ಒಳಗೆ ವಿಷದ ಗಾಳಿ ಇದೆ. ಇಬ್ಬರು ಸತ್ತಿದ್ದಾರೆ, ಕಡತದಲ್ಲಿದೆ, ತೋರಿಸ್ಲಾ? ಯಾವನಾದ್ರೂ ಅಲ್ಲಿ ಕೂತ್ಕೊಂಡು ಬದುಕಿರೋಕೆ ಸಾಧ್ಯಾನಾ?"

ಇದೇ ಮಾತಿಗಾಗಿ ಪಾಚಿಯಕ್ಕ ಕಾಯುತ್ತಿದ್ದಳು.

"ಅದನ್ನೇ ನಾನೂ ಕೇಳೋದು. ಗಾಳಿ ಕೆಟ್ಟಿದ್ರೆ ಐದು ತಿಂಗಳು ಕೆಲಸ ಮಾಡಿದವನು ಹೇಗೆ ಸಾಯ್ಲಿಲ್ಲ? ಗಾಳಿ ಕೆಟ್ಟಿಲ್ಲ ಸಾರ್. ಬೇರೆಯವರು ಇಣುಕಿ ನೋಡಬಾರದು ಅಂತ ಹೆದರಿಸಿ ಇಟ್ಟಿದ್ದೀರಿ. ಒಳಗೆ ಯಂತ್ರದ ಸದ್ದು ನನ್ನ ಕಿವಿಯಾರೆ ಕೇಳಿದೆ. ಅಜ್ಜಿ ಮಾತು ಅಂತ ನೀವು ಕೆತ್ತಿಸ್ತಿರೋದು!"

"ಬಾಯಿಗೆ ಬಂದ ಹಾಗೆ ಮಾತಾಡಬೇಡ!"

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ" ಎಂದಳು ಪಾಚಿಯಕ್ಕ. ಹತ್ತೊಂಬತ್ತು ವರ್ಷದಲ್ಲಿ ಆ ಕಚೇರಿಯೊಳಗೆ ಅವಳು ದನಿ ಎತ್ತಿದ್ದು ಅದೇ ಮೊದಲು. ಬಹಳ ಹಿತವೆನಿಸಿತು.

ಮ್ಯಾನೇಜರು ಕೂತರು. ನೀರು ಕುಡಿದರು. ಅವರ ಹಣೆಯಲ್ಲಿ ಬೆವರು ಕಂಡಿತು. ಸಿಕ್ಕಿಬಿದ್ದನಲ್ಲ ಎಂದು ಪಾಚಿಯಕ್ಕನಿಗೆ ಕುಣಿದಾಡುವಷ್ಟು ಸಂತೋಷ. ಇನ್ಸ್‌ಪೆಕ್ಟರಮ್ಮ ಮಾತ್ರ ಆ ಮುಖವನ್ನು ಹುಬ್ಬು ಗಂಟಿಕ್ಕಿ ನೋಡುತ್ತಿದ್ದರು. ಸಿಕ್ಕಿಬಿದ್ದವರು ಸಾಮಾನ್ಯವಾಗಿ ಬಾಗಿಲ ಕಡೆ ನೋಡುತ್ತಾರೆ. ಈ ಮನುಷ್ಯ ಆ ಹಸಿರು ಬಟ್ಟೆಯಿಂದ ಕಣ್ಣು ತೆಗೆಯುತ್ತಿರಲಿಲ್ಲ.

"ಗೋಡೆ ಒಡೆಸ್ತೀನಿ" ಎಂದರು ಇನ್ಸ್‌ಪೆಕ್ಟರಮ್ಮ.

"ಮೇಲಿನವರ ಲಿಖಿತ ಆದೇಶ ತನ್ನಿ. ಇದು ಸಾವಿರಾರು ಜನರ ನಂಬಿಕೆ ಜಾಗ. ಸುತ್ತಿಗೆ ಹಿಡಿದು ಸುಮ್ಮನೆ ನುಗ್ಗೋಕೆ ಇದೇನು ಗೋದಾಮಾ?"

"ಮೂರು ಗಂಟೆ ಒಳಗೆ ತರ್ತೀನಿ." ಅವರು ಫೋನು ಹಿಡಿದು ಹೊರಗೆ ಹೋದರು. ಒಳಗೆ ಸಿಗ್ನಲ್ ಸಿಗುತ್ತಿರಲಿಲ್ಲ.

ಇಬ್ಬರೇ ಉಳಿದರು. ಮ್ಯಾನೇಜರ ದನಿ ಇದ್ದಕ್ಕಿದ್ದಂತೆ ಇಳಿಯಿತು.

"ನೋಡಮ್ಮ, ತಮ್ಮನ ಮೇಲಿನ ಪ್ರೀತಿ, ಅರ್ಥ ಆಗುತ್ತೆ. ಆದ್ರೆ ಆ ಕೋಣೆಗೆ ಬಿರುಕೇ ಇಲ್ಲ. ಇಡೀ ಗುಹೆ ನಾನೇ ನಿಂತು ಅಳತೆ ಮಾಡಿಸಿದ್ದೀನಿ. ಸಂಜೆ ಕೋರ್ಟಲ್ಲಿ ಇವಳು ಕತೆ ಕಟ್ತಿದ್ದಾಳೆ ಅಂತ ನಗ್ತಾರೆ."

"ಇಲ್ವಾ?"

"ಇದ್ರೆ ತೋರಿಸು ಮತ್ತೆ."

ಯಾತ್ರಿಕರಿಗೆ ಹಂಚುವ ಗುಹೆಯ ನಕ್ಷೆಯೊಂದನ್ನು ಅವರು ಅವಳ ಮುಂದೆ ತಳ್ಳಿದರು. ಪಾಚಿಯಕ್ಕ ಪೆನ್ನು ಕಸಿದುಕೊಂಡಳು. ಏಳನೆಯ ದೀಪ ಇಲ್ಲಿ. ಬಂಡೆ ಇಲ್ಲಿ. ಬಂಡೆ ಬಳಸಿ ಎಡಕ್ಕೆ ಮೂವತ್ತು ಹೆಜ್ಜೆ, ಕಲ್ಲುಕಂಬ, ಅದರ ಬೆನ್ನಿಗೆ ಬಿರುಕು. ದಪ್ಪಗೆ ಒಂದು ಗುಣಾಕಾರದ ಗುರುತು ಹಾಕಿ ಕಾಗದವನ್ನು ಅವರ ಮುಖಕ್ಕೆ ಹಿಡಿದಳು.

"ಇಲ್ಲಿ! ಇಲ್ಲ ಅಂತ ಹೇಳಿ ನೋಡೋಣ!"

ಮ್ಯಾನೇಜರು ಕಾಗದವನ್ನು ನೀಟಾಗಿ ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಟ್ಟುಕೊಂಡರು.

"ದಾರಿ ಎಲ್ಲಿದೆ?" ಎಂದು ಕೇಳಿದರು.

"ಯಾವ ದಾರಿ?"

"ಒಳಗೆ ಹೋಗೋ ದಾರಿ. ಬಿರುಕಲ್ಲಿ ಮನುಷ್ಯ ತೂರಲ್ವಲ್ಲ."

"ಅದು ನಿಮಗೇ ಗೊತ್ತಿರಬೇಕು" ಎಂದು ಮುಖ ತಿರುಗಿಸಿ ಅವಳು ಹೊರಗೆ ಬಂದಳು.

*

ಮೇಲಿನವರಿಗೆ ಅರ್ಜಿ, ಅರ್ಜಿಯ ಜೊತೆ ಹೇಳಿಕೆ, ಹೇಳಿಕೆಗೆ ಸಹಿ. ಅದೆಲ್ಲ ಮುಗಿದು ಠಾಣೆಗೆ ಬರುವಷ್ಟರಲ್ಲಿ ಹನ್ನೆರಡು ಗಂಟೆ ದಾಟಿತ್ತು. ಗುಹೆಯ ಬಾಯಿಗೆ ಒಬ್ಬ ಕಾನ್‌ಸ್ಟೇಬಲನನ್ನು ನಿಲ್ಲಿಸಿ ಬಂದಿದ್ದರು. ಯಾರನ್ನೂ ಒಳಗೆ ಬಿಡಬಾರದು, ಒಳಗಿದ್ದವನು ಹೊರಗೆ ಬಂದರೆ ಹಿಡಿಯಬೇಕೆಂದು ಅವನಿಗೆ ಅಪ್ಪಣೆ.

"ಬಿಡುಗಡೆ ಅಂತ ಈಗಲೇ ಹೇಳೋಕಾಗಲ್ಲ" ಎಂದರು ಇನ್ಸ್‌ಪೆಕ್ಟರಮ್ಮ ದಾರಿಯಲ್ಲಿ. "ಆದ್ರೆ ಒಳಗೆ ಬೇರೆಯವರಿದ್ದರು ಅಂತ ಆದ್ರೆ ನ್ಯಾಯಾಧೀಶರ ಹತ್ರ ಟೈಮ್ ಕೇಳಬಹುದು. ನಿಮ್ಮ ತಮ್ಮ ಬಾಯಿ ಬಿಟ್ಟರೆ ಇನ್ನೂ ಒಳ್ಳೇದು."

"ಬಿಡ್ತಾನೆ ಮೇಡಂ. ನಾನು ಬಿಡಿಸ್ತೀನಿ."

ಚಿಕ್ಕಂದಿನಿಂದಲೂ ಅವನು ಹಾಗೇ. ಏಟು ತಿಂದರೂ ಜೊತೆಯವನ ಹೆಸರು ಹೇಳದ ಜಾತಿ. ಈಗ ಒಂದು ವರ್ಷದಿಂದ ಮೇಷ್ಟ್ರ ಹಿಂದೆ ಬಾಲದ ಹಾಗೆ ಅಂಟಿಕೊಂಡಿದ್ದ. ಟೀ ಅಂಗಡಿಯಲ್ಲಿ ಕೂತು ಮೇಷ್ಟ್ರು ಹೇಳುತ್ತಿದ್ದುದನ್ನು ಪಾಚಿಯಕ್ಕನೂ ಕೇಳಿದ್ದಳು. ಲೋಕದಲ್ಲಿ ಎಲ್ಲಿ ಹೋದರೂ ಜನ ಗುಹೆಗೆ ಮೊದಲು ಬಂದದ್ದು ಅಡಗಿಕೊಳ್ಳಲು, ಪ್ರಾರ್ಥನೆ ಆಮೇಲೆ ಎನ್ನುತ್ತಿದ್ದರು ಅವರು. ಮಳೆಯಿಂದ, ಮೃಗದಿಂದ, ಹೆಚ್ಚಾಗಿ ಮನುಷ್ಯರಿಂದ. ಎಲ್ಲಿ ಜೀವ ಉಳಿಯಿತೋ ಅಲ್ಲೇ ಮೊಮ್ಮಕ್ಕಳು ಬಂದು ಕೈ ಮುಗಿದರು. "ನಮ್ಮ ಅಜ್ಜಿ ಕಲ್ಲಾಗಿದ್ದಾಳೆ ಅಂತ ನನಗೇನೋ ಅನ್ಸಲ್ಲಮ್ಮ" ಎಂದು ಅವಳ ಕಡೆ ನೋಡಿ ನಕ್ಕಿದ್ದರು. ಎಷ್ಟು ಮೆದು ಮನುಷ್ಯ! ಅಂಥವರನ್ನು ಕೊಂದಿದ್ದಾನೆ ಎಂದು ಇವನ ಮೇಲೆ ಹೊರಿಸಲು ಜನಕ್ಕೆ ಬಾಯಾದರೂ ಹೇಗೆ ಬಂತು?

ಲಾಂದ್ರಣ್ಣ ಗೋಡೆಗೆ ಒರಗಿ ಕೂತಿದ್ದ. ಗಡ್ಡ ಬೆಳೆದಿತ್ತು, ಕಣ್ಣು ಗುಳಿ ಬಿದ್ದಿತ್ತು. ಅಕ್ಕನನ್ನು ಕಂಡು ಎದ್ದ.

"ಊಟ ಮಾಡಿದ್ಯಾ?" ಎಂದು ಕೇಳಿದ.

"ನಿನ್ನ ಊಟದ ವಿಚಾರ ಮೊದಲು ನೋಡ್ಕೋ. ಲೋ, ಇಲ್ಲಿ ಕೇಳು." ಅವಳು ಕಂಬಿ ಹಿಡಿದುಕೊಂಡಳು. ಖುಷಿಗೆ ಉಸಿರು ಸಿಕ್ಕುತ್ತಿರಲಿಲ್ಲ. "ನೀನಲ್ಲ ಅಂತ ಗೊತ್ತಾಯ್ತು ಕಣೋ. ಅಜ್ಜಿ ಕೋಣೆ ಒಳಗೆ ಯಾರೋ ಇದ್ದಾರೆ. ದೀಪ ಇಟ್ಕೊಂಡಿದ್ದಾರೆ. ಪಾಚಿ ಬೆಳೆದಿತ್ತು, ಬಿರುಕಲ್ಲಿ. ನಾನೇ ಕಂಡುಹಿಡಿದೆ!"

ಅವನು ನಗಲಿಲ್ಲ.

"ಇನ್ಸ್‌ಪೆಕ್ಟರಮ್ಮನೂ ಒಪ್ಪಿದ್ದಾರೆ. ಗೋಡೆ ಒಡೆಸ್ತಾರೆ. ಒಳಗಿರೋನು ಎಲ್ಲಿ ಓಡಿಹೋಗ್ತಾನೆ? ತಂತಿ ಕಿತ್ತು ಹಾಕಿದ್ದೀನಿ."

"ಏನು ಕಿತ್ತೆ?"

"ತಂತಿ. ಏಳನೇ ದೀಪದ ಹತ್ರ. ನೋಡಿಲ್ಲಿ." ಚೀಲದಿಂದ ಪ್ಲಗ್ಗು ತೆಗೆದು ತೋರಿಸಿದಳು.

ಲಾಂದ್ರಣ್ಣನ ಮುಖದಿಂದ ರಕ್ತವೆಲ್ಲ ಇಳಿದುಹೋಯಿತು. ಕಂಬಿಯೊಳಗಿಂದ ಕೈ ಚಾಚಿ ಅವಳ ಮಣಿಕಟ್ಟು ಹಿಡಿದ. ನೋಯುವಷ್ಟು ಬಿಗಿಯಾಗಿ ಹಿಡಿದ.

"ಯಾವಾಗ?"

"ಬಿಡೋ, ನೋಯುತ್ತೆ—"

"ಯಾವಾಗ ಕಿತ್ತೆ ಅಕ್ಕಾ?"

"ಹತ್ತೂ ಕಾಲಿಗೆ. ಯಾಕೋ?"

ಗೋಡೆಯ ಗಡಿಯಾರದಲ್ಲಿ ಹನ್ನೆರಡೂ ಹತ್ತು. ಅವನು ಅದನ್ನು ನೋಡಿದ. ಮೂರು ದಿನ ಮುಚ್ಚಿದ್ದ ಬಾಯಿ ಆಗ ತೆರೆಯಿತು.

"ಮೇಷ್ಟ್ರು ಒಳಗಿದ್ದಾರೆ."

ಇನ್ಸ್‌ಪೆಕ್ಟರಮ್ಮ ಬಾಗಿಲಿನಿಂದ ಎರಡೇ ಹೆಜ್ಜೆಯಲ್ಲಿ ಕಂಬಿಯ ಬಳಿ ಬಂದರು. "ಹೆಣಾನಾ?"

"ಜೀವಂತ ಮೇಡಂ! ಜೀವಂತ! ನಾನೇ ಬಚ್ಚಿಟ್ಟಿದ್ದು. ಅವತ್ತು ಕೊಳದ ಹತ್ರ ಯಾರೋ ಹಿಂದಿನಿಂದ ತಲೆಗೆ ಹೊಡೆದ್ರು, ನಾನು ಓಡಿ ಬರೋವಷ್ಟರಲ್ಲಿ ಮಾಯ. ಮೇಷ್ಟ್ರಿಗೆ ಮುಖ ಕಾಣಿಸ್ಲಿಲ್ಲ. ಬೀಗದ ಕೈ ಗೊಂಚಲಿನ ಸದ್ದು ಮಾತ್ರ ಕೇಳಿಸ್ತಂತೆ. ಸತ್ತಿದ್ದಾರೆ ಅಂದ್ಕೊಳ್ಳಲಿ ಅಂತ ಕೋಟು ಅಲ್ಲೇ ಬಿಟ್ಟು, ಅವರನ್ನ ಒಳಗೆ ಎಳ್ಕೊಂಡು ಹೋಗಿ, ನಾಲ್ಕು ದಿನದ ನೀರು, ತಿಂಡಿ ಇಟ್ಟು ಬಂದೆ. ಕೊಳದ ನೀರಿನ ಕೆಳಗೆ ಒಂದು ಕಿಂಡಿ ಇದೆ, ಮುಳುಗಿ ಹೋದ್ರೆ ಕೋಣೆಗೆ ಸೇರುತ್ತೆ. ಐದು ತಿಂಗಳಿಂದ ನಾವಿಬ್ರೂ ಅದರಲ್ಲೇ ಹೋಗಿ ಬರ್ತಿದ್ವಿ. ಗೋಡೆ ತುಂಬ ಹೆಸರುಗಳಿವೆ ಮೇಡಂ. ಸೈನಿಕರು ಬೆನ್ನಟ್ಟಿದಾಗ ಅಜ್ಜಿ ಅಡಗಿಸಿಟ್ಟವರ ಹೆಸರು. ಅವಳು ಕಲ್ಲಾಗ್ಲಿಲ್ಲ. ಅವರ ಜೊತೆ ಬದುಕಿದ್ದು, ಹೊರಗೆ ಬಂದು, ಮುದುಕಿಯಾಗಿ ಸತ್ತಳು ಅಂತ ಬರೆದಿದೆ. ನಾಳೆ ಪುರಾತತ್ವದವರು ಬರ್ತಾರೆ. ಅವರ ಮುಂದೇನೇ ಹೊರಗೆ ಬರೋದು ಅಂತ ಇತ್ತು. ಇನ್ನೊಂದೇ ದಿನ..."

"ನನಗ್ಯಾಕೋ ಹೇಳಲಿಲ್ಲ?" ಎಂದಳು ಪಾಚಿಯಕ್ಕ.

"ನಿನ್ನ ಹೊಟ್ಟೇಲಿ ಮಾತು ನಿಲ್ಲುತ್ತಾ ಅಕ್ಕಾ?" ಅವನ ಕಣ್ಣಲ್ಲಿ ನೀರಿತ್ತು. "ಆ ತಂತಿ ದೀಪಕ್ಕೊಂದೇ ಅಲ್ಲ. ಬಿರುಕಿನ ಬಾಯಿಗೆ ಫ್ಯಾನ್ ಇಟ್ಟಿದ್ದೀವಿ, ಹೊರಗಿನ ಗಾಳಿ ಒಳಗೆ ಎಳೆಯೋಕೆ. ಅದು ನಿಂತ್ರೆ ಅಲ್ಲಿ ಎರಡೂವರೆ ಗಂಟೆ, ಅಷ್ಟೇ. ಲಾಂದ್ರ ಇಟ್ಟು ನೋಡಿದ್ದೀವಿ, ಅಷ್ಟರಲ್ಲಿ ಆರಿಹೋಗುತ್ತೆ. ಮೇಷ್ಟ್ರಿಗೆ ತಲೆ ಎತ್ತೋಕೂ ಆಗಲ್ಲ, ಒಬ್ಬರೇ ನೀರಲ್ಲಿ ಹೇಗೆ ಬರ್ತಾರೆ?"

ಪಾಚಿಯಕ್ಕನಿಗೆ ಆ ಗುಂಯ್ ಸದ್ದು ಮತ್ತೆ ಕೇಳಿದಂತಾಯಿತು. ತಾನೇ ಕೊಂದೆ, ತಮ್ಮ ಮಾಡದ ಕೊಲೆಯನ್ನು ತಾನೇ ಮಾಡಿ ಮುಗಿಸಿದೆ ಎಂಬ ಒಂದೇ ಯೋಚನೆ ತಲೆಯಲ್ಲಿ ಸುತ್ತುತ್ತಿತ್ತು.

ಇನ್ಸ್‌ಪೆಕ್ಟರಮ್ಮ ಆಗಲೇ ಫೋನು ಹಚ್ಚಿದ್ದರು. ಇನ್ನೊಂದು ಕೈಯಲ್ಲಿ ಕಂಬಿಯ ಬಾಗಿಲು ತೆರೆಯುವಂತೆ ಪೇದೆಗೆ ಸನ್ನೆ. "ಹೊರಡು, ನೀನೇ ದಾರಿ ತೋರಿಸಬೇಕು. ಇನ್ನೂ ಅರ್ಧ ಗಂಟೆ ಇದೆ. ಆ ಬಿರುಕು ತೆರೆದಿದ್ರೆ ಸ್ವಲ್ಪನಾದ್ರೂ ಗಾಳಿ ಹೋಗುತ್ತೆ ತಾನೆ?"

"ಹೋಗುತ್ತೆ ಮೇಡಂ. ಮೇಷ್ಟ್ರು ಅದರ ಹತ್ರಾನೇ ಮಲಗಿರ್ತಾರೆ. ಅವರಿಗಿರೋ ಕಿಟಕಿ ಅದೊಂದೇ. ಅದನ್ನ ಯಾರೂ ಮುಚ್ಚದಿದ್ರೆ ಸಾಕು. ಒಂದು ಬಟ್ಟೆ ತುರುಕಿದ್ರೂ ಮುಗೀತು."

ಫೋನು ಎತ್ತಿದ ಸದ್ದಾಯಿತು. ಇನ್ಸ್‌ಪೆಕ್ಟರಮ್ಮ ಅದನ್ನು ಎಲ್ಲರಿಗೂ ಕೇಳುವಂತೆ ಜೋರಾಗಿಸಿದರು.

"ಗುಹೆ ಹತ್ರ ಯಾರನ್ನೂ ಬಿಟ್ಟಿಲ್ಲ ತಾನೆ?"

"ಯಾರನ್ನೂ ಬಿಟ್ಟಿಲ್ಲ ಮೇಡಂ" ಎಂದ ಕಾನ್‌ಸ್ಟೇಬಲ್. ಅವನ ದನಿಯಲ್ಲಿ ಸಣ್ಣ ಹೆಮ್ಮೆಯಿತ್ತು. "ಮ್ಯಾನೇಜರ್ ಸಾಹೇಬ್ರು ಮಾತ್ರ ಹೋದ್ರು. ನೀವೇ ಕರೆಂಟ್ ಲೈನ್ ಪರೀಕ್ಷೆ ಮಾಡೋಕೆ ಹೇಳಿದ್ದೀರಂತೆ. ಸುರಕ್ಷತೆಗೆ ಅಂತ ಗೇಟಿಗೆ ಒಳಗಿಂದ ಬೀಗ ಹಾಕ್ಕೊಂಡ್ರು. ಕಾಲು ಗಂಟೆ ಆಯ್ತು."

"ಎಲ್ಲಿಗೆ ಹೋಗಬೇಕು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು ಮೇಡಂ" ಎಂದು ಕಾನ್‌ಸ್ಟೇಬಲ್ ಮುಂದುವರಿಸಿದ. "ಕೈಯಲ್ಲಿ ಒಂದು ನಕ್ಷೆ ಇತ್ತು. ಅದನ್ನೇ ನೋಡ್ಕೊಂಡು ಹೋದ್ರು."

ಲಾಂದ್ರಣ್ಣ ಅರ್ಧ ತೆರೆದ ಬಾಗಿಲಲ್ಲೇ ನಿಂತ. "ನಕ್ಷೆ? ಇವತ್ತಿನವರೆಗೂ ಆ ಬಿರುಕು ನಮ್ಮಿಬ್ಬರಿಗೆ ಬಿಟ್ರೆ ಭೂಮಿ ಮೇಲೆ ಯಾರಿಗೂ ಗೊತ್ತಿರಲಿಲ್ಲ. ಯಾರು ಬರೆದುಕೊಟ್ರು?"

ಪಾಚಿಯಕ್ಕ ತಮ್ಮನ ಮುಖ ನೋಡಿದಳು.

"ನಾನು ಕಣೋ" ಎಂದಳು. "ನಾನೇ ಗುರುತು ಹಾಕಿ ಅವನ ಕೈಗೆ ಕೊಟ್ಟು ಬಂದೆ."